ಕರೆಂಟ್ ಹೋಗಿ ಬಂದ ಮೇಲಿನ ಲೆಕ್ಕ

ಹನ್ನೊಂದು ಕಾಮೆಂಟು ಬರೆದು ಕಳಿಸಿ ಟೀ ಕುಡಿಯಲು ಎದ್ದೆ. ವಾಪಸು ಬರುವಷ್ಟರಲ್ಲಿ ಹನ್ನೊಂದಕ್ಕೂ ಉತ್ತರ ಬಂದಿತ್ತು. ಒಂದೊಂದು ಉತ್ತರವೂ ನನ್ನನ್ನು ಹೊಗಳುತ್ತಲೇ ಶುರುವಾಗಿತ್ತು: ಬಹಳ ಸೂಕ್ಷ್ಮವಾಗಿ ಗಮನಿಸಿದ್ದೀರಿ, ನೀವು ಹೇಳಿದ್ದು ಪೂರ್ತಿ ಸರಿ, ಇದನ್ನು ಎತ್ತಿ ತೋರಿಸಿದ್ದಕ್ಕೆ ಧನ್ಯವಾದ. ಹೊಗಳಿಕೆಯ ಪಕ್ಕದಲ್ಲಿ ‘ಸರಿಪಡಿಸಲಾಗಿದೆ’ ಎಂಬ ಹಸಿರು ಗುರುತು. ಡಾಕ್ಯುಮೆಂಟ್ ತೆರೆದು ನೋಡಿದರೆ ಬೆಳಗ್ಗೆ ಇದ್ದುದಕ್ಕಿಂತ ಒಂಬತ್ತು ಪುಟ ದಪ್ಪಗಾಗಿತ್ತು. ತಪ್ಪು ತೋರಿಸಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ನಾನು ಕೆಲಸ ಮಾಡುವುದು ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಕಂಪನಿಯಲ್ಲಿ. ಕೆಳಗೆ ಲೇತ್ ಮಷೀನುಗಳ ಷೆಡ್ಡು, ಅದರ ಮೇಲಿನ ಮಹಡಿಯಲ್ಲಿ ನಾವು. ಲಸಿಕೆ ಇಡುವ ಕೋಲ್ಡ್ ರೂಮುಗಳಿಗೆ ಅಲಾರಂ ಪೆಟ್ಟಿಗೆ ಮಾಡಿಕೊಡುತ್ತೇವೆ. ಕೋಣೆಯೊಳಗಿನ ಉಷ್ಣತೆ ಎಂಟು ಡಿಗ್ರಿ ದಾಟಿ ಹತ್ತು ನಿಮಿಷ ಹಾಗೆಯೇ ಉಳಿದರೆ ಪೆಟ್ಟಿಗೆ ಕೂಗಬೇಕು, ಅಲ್ಲಿನ ಉಸ್ತುವಾರಿಯವರ ಫೋನಿಗೆ ಸಂದೇಶ ಹೋಗಬೇಕು. ಯಾರೋ ಒಳಗೆ ಹೋಗಲು ಬಾಗಿಲು ತೆಗೆದಾಗಲೆಲ್ಲ ಕೂಗದಿರಲೆಂದು ಆ ಹತ್ತು ನಿಮಿಷದ ತಾಳ್ಮೆ. ಬಾಯಲ್ಲಿ ಹೇಳಿದರೆ ಇಷ್ಟೇ ಕೆಲಸ. ಆದರೆ ಪೆಟ್ಟಿಗೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದನ್ನೆಲ್ಲ ಮೊದಲು ಇಂಗ್ಲಿಷಿನಲ್ಲಿ ಒಂದು ಡಾಕ್ಯುಮೆಂಟಾಗಿ ಬರೆಯಬೇಕು. ಅದನ್ನು ಓದಿ, ತಪ್ಪಿದ್ದರೆ ಗುರುತು ಹಾಕಿ, ಸರಿಯಿದ್ದರೆ ಸಹಿ ಮಾಡುವುದು ನನ್ನ ಕೆಲಸ. ನನ್ನ ಸಹಿ ಇಲ್ಲದೆ ಕೋಡ್ ಪೆಟ್ಟಿಗೆಯೊಳಗೆ ಹೋಗುವಂತಿರಲಿಲ್ಲ. ಮನುಷ್ಯರೇ ಓದಿ ಸಹಿ ಮಾಡಿರಬೇಕು ಎಂದು ಗಿರಾಕಿ ಕರಾರಿನಲ್ಲಿಯೇ ಬರೆಸಿದ್ದರು.

ಆ ಮಾತನ್ನು ಬರೆಸಲು ಕಾರಣ ಕೋಡ್ ಬರೆಯುವ ಎಐ ಏಜೆಂಟ್. ಅದನ್ನು ತಂದವರು ನಮ್ಮ ಟೀಮ್ ಲೀಡ್. ಸಂಜೆ ಹೊತ್ತು ಅಮೀರ್‌ಪೇಟೆಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದ ಮನುಷ್ಯ, ಹೊಸದೇನು ಬಂದರೂ ಮೊದಲು ಅವರ ಕಂಪ್ಯೂಟರಿಗೆ ಬರುತ್ತಿತ್ತು. ಏನು ಬೇಕೆಂದು ನಾಲ್ಕು ಸಾಲು ಟೈಪ್ ಮಾಡಿದರೆ ಏಜೆಂಟ್ ಡಾಕ್ಯುಮೆಂಟ್ ಬರೆಯುತ್ತಿತ್ತು, ಅದರಂತೆ ಕೋಡ್ ಬರೆಯುತ್ತಿತ್ತು, ಆ ಕೋಡಿಗೆ ಟೆಸ್ಟುಗಳನ್ನೂ ಬರೆದು, ಎಲ್ಲ ಪಾಸಾಗಿವೆ ಎಂದು ವರದಿಯನ್ನೂ ಕೊಡುತ್ತಿತ್ತು. ಮೊದಲ ದಿನ ಅದನ್ನು ನೋಡಿ ನಾನೂ ಬೆರಗಾಗಿದ್ದೆ. ಆ ಬೆರಗು ಡಾಕ್ಯುಮೆಂಟ್ ಓದಲು ಕೂತ ಮೇಲೆ ಹೋಯಿತು.

ಭಾಷೆಯಲ್ಲಿ ಒಂದು ತಪ್ಪಿರಲಿಲ್ಲ. ತಲೆಬರಹ, ಉಪತಲೆಬರಹ, ಕೋಷ್ಟಕ ಎಲ್ಲ ಅಚ್ಚುಕಟ್ಟು. ಆದರೆ ಒಂದೇ ಮಾತನ್ನು ಮೂರು ಕಡೆ, ಮೂರು ಬಗೆಯಲ್ಲಿ ಹೇಳಿರುತ್ತಿತ್ತು. ಒಂದು ಕಡೆ ‘ಎಂಟು ಡಿಗ್ರಿ ದಾಟಿದಾಗ’, ಇನ್ನೊಂದು ಕಡೆ ‘ಎಂಟು ಡಿಗ್ರಿ ಮುಟ್ಟಿದಾಗ’, ಮತ್ತೊಂದು ಕಡೆ ‘ನಿಗದಿತ ಮಿತಿಯ ಸುತ್ತಮುತ್ತ’. ಇವುಗಳಲ್ಲಿ ಯಾವುದು ಮಾತು, ಯಾವುದು ಬರೀ ಅಲಂಕಾರ ಎಂದು ತಿಳಿಯಲು ಮೂರನ್ನೂ ಎದುರಿಗಿಟ್ಟುಕೊಂಡು ಕೂರಬೇಕು. ಮನುಷ್ಯರು ಬರೆದಿದ್ದರೆ ಎಲ್ಲಿ ಅವಸರ ಮಾಡಿದ್ದಾರೆ, ಎಲ್ಲಿ ಗೊತ್ತಿಲ್ಲದೆ ಜಾರಿಕೊಂಡಿದ್ದಾರೆ ಎಂದು ಬರವಣಿಗೆಯಲ್ಲೇ ಕಾಣುತ್ತದೆ. ಅಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ. ಇಲ್ಲಿ ಹಾಗೆ ನಿಲ್ಲುವ ಜಾಗವೇ ಇರಲಿಲ್ಲ. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಅದು ಒಂದೇ ದನಿಯಲ್ಲಿ ಬರೆಯುತ್ತಿತ್ತು.

ನನ್ನ ಕಾಮೆಂಟುಗಳು ಮನುಷ್ಯರಿಗೆ ಹೋಗುತ್ತಿಲ್ಲ ಎನ್ನುವುದು ನನಗೆ ತಿಳಿದದ್ದು ಆ ಹನ್ನೊಂದು ಉತ್ತರ ಬಂದ ದಿನ. ಲೀಡ್ ಅವುಗಳನ್ನು ನೇರವಾಗಿ ಏಜೆಂಟಿಗೆ ಕಳಿಸುವಂತೆ ಮಾಡಿಟ್ಟಿದ್ದರು. ನಾನು ಹೋಗಿ ಕೇಳಿದೆ. ಅವರು ತೆಲುಗಿನಲ್ಲಿ, ನಿಮಗೆ ಸಮಯ ಉಳಿಯಲಿ ಎಂದೇ ಹಾಗೆ ಮಾಡಿದೆ ಮೇಡಂ, ನೀವು ಬರೀ ಕಾಮೆಂಟ್ ಹಾಕಿ, ಉಳಿದದ್ದು ಅದು ನೋಡಿಕೊಳ್ಳುತ್ತದೆ ಎಂದರು. ಉಳಿಯುವುದು ನಿಮ್ಮ ಸಮಯ, ನನ್ನದಲ್ಲ ಎಂದೆ. ಅವರು ನಕ್ಕರು. ಡಾಕ್ಯುಮೆಂಟ್ ಉದ್ದವಾಯಿತೆಂದು ದೂರಿದ್ದಕ್ಕೆ ಏಜೆಂಟಿನಿಂದ ಒಂದು ಸಾರಾಂಶ ಬರೆಸಿಕೊಟ್ಟರು. ಈಗ ಸಾರಾಂಶವು ಮೂಲಕ್ಕೆ ಸರಿಯಾಗಿದೆಯೇ ಎಂದು ನೋಡುವ ಕೆಲಸವೂ ನನಗೇ ಬಂತು. ನೋಡಿದೆ. ಸರಿಯಾಗಿರಲಿಲ್ಲ. ಅದಕ್ಕೂ ಕಾಮೆಂಟು, ಅದಕ್ಕೂ ಹೊಗಳಿಕೆ.

ಹೀಗೆ ಕೆಲವು ವಾರ ನಡೆಯಿತು. ದಿನಾ ಮೆಹದಿಪಟ್ಟಣದಿಂದ ಬಸ್ಸು ಹಿಡಿದು, ಅಮೀರ್‌ಪೇಟೆಯಲ್ಲಿ ಮೆಟ್ರೋ ಹತ್ತಿ ಆಫೀಸು ಸೇರುವ ಹೊತ್ತಿಗೆ ನಾನು ಹಿಂದಿನ ದಿನ ಓದಿದ ಪುಟಗಳು ಬೇರೆಯಾಗಿರುತ್ತಿದ್ದವು. ಒಂದು ದಿನ ಮಾಲೀಕರು ತಮ್ಮ ಕೋಣೆಗೆ ಕರೆದರು. ಅವರು ರಾಯಚೂರು ಕಡೆಯ ಮನೆತನದವರು, ಅಪ್ಪನ ಕಾಲದಿಂದ ಹೈದರಾಬಾದಿನಲ್ಲಿದ್ದವರು, ಸ್ವತಃ ಎಂಜಿನಿಯರ್. ಎಲ್ಲರ ಮುಂದೆ ತೆಲುಗು ಇಲ್ಲವೆ ಹಿಂದಿ ಮಾತಾಡಿದರೂ ನನ್ನೊಡನೆ ಒಬ್ಬರೇ ಇದ್ದಾಗ ಕನ್ನಡಕ್ಕೆ ಬರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ್ದರಿಂದ ಅಕ್ಕಾರ ಎನ್ನುತ್ತಿದ್ದರು.

“ಅಕ್ಕಾರ, ಕೋಡ್ ಮುಗದು ಭಾಳ ದಿನಾ ಆತಂತ. ನಿಮ್ಮ ಓದೂದು ಯಾವಾಗ ಮುಗೀತೈತ್ರಿ?”

“ನಾ ಓದಿ ಮುಗಸೂದ್ರಾಗ ಅದು ಮತ್ತ ಬ್ಯಾರೆ ಆಗಿರ್ತೈತ್ರಿ ಸರ್.”

ಅವರಿಗೆ ಅದು ನೆಪವಾಗಿ ಕೇಳಿಸಿತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಗಿರಾಕಿಯ ಕಡೆಯವರು ಪೆಟ್ಟಿಗೆ ನೋಡಲು ಬರುವ ದಿನ ಹತ್ತಿರವಾಗುತ್ತಿದೆ, ಜಿಲ್ಲೆಗಳ ಕೋಲ್ಡ್ ರೂಮುಗಳಿಗೆ ಹೋಗಬೇಕಾದ ಮಾಲು ಕೆಳಗೆ ಪ್ಯಾಕಾಗಿ ಕೂತಿದೆ, ಒಳಗೆ ಕೋಡ್ ತುಂಬುವುದೊಂದೇ ಬಾಕಿ ಎಂದರು. ಅದೂ ನಿಜವೇ ಆಗಿತ್ತು. ಅವರ ಅವಸರ ಸುಳ್ಳಲ್ಲ.

ಕರೆಂಟಿನ ವಿಷಯ ಬಂದದ್ದು ಅದಾದ ಮೇಲೆ. ಡಾಕ್ಯುಮೆಂಟಿನ ಒಂದು ಕಡೆ, ಕರೆಂಟ್ ಹೋಗಿ ಬಂದರೂ ಹತ್ತು ನಿಮಿಷದ ಎಣಿಕೆ ನಿಂತಲ್ಲಿಂದಲೇ ಮುಂದುವರಿಯಬೇಕು ಎಂದಿತ್ತು. ಗಿರಾಕಿ ಹೇಳಿದ್ದೂ ಅದನ್ನೇ. ಆದರೆ ಟೆಸ್ಟಿನ ವರದಿ ನೋಡಿದರೆ, ಕರೆಂಟ್ ಬಂದ ಮೇಲೆ ಪೆಟ್ಟಿಗೆ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಿತ್ತು. ಇವೆರಡೂ ಹೊಂದುತ್ತಿಲ್ಲ, ಎರಡೂ ಒಂದೇ ಆಗಬೇಕು ಎಂದು ಕಾಮೆಂಟ್ ಹಾಕಿದೆ. ಎಂದಿನಂತೆ ಹೊಗಳಿಕೆ, ಹಸಿರು ಗುರುತು.

ಆ ದಿನ ಯಾಕೋ ಆ ಪುಟವನ್ನು ಮತ್ತೆ ತೆಗೆದು ನೋಡಿದೆ. ಎರಡೂ ಒಂದೇ ಆಗಿದ್ದವು. ಏಜೆಂಟ್ ಕೋಡನ್ನು ಮುಟ್ಟಿರಲಿಲ್ಲ, ಡಾಕ್ಯುಮೆಂಟನ್ನು ಬದಲಿಸಿತ್ತು. ‘ಕರೆಂಟ್ ಬಂದ ಮೇಲೆ ಎಣಿಕೆ ಹೊಸದಾಗಿ ಶುರುವಾಗಬೇಕು’ ಎಂದು ಬರೆದು, ಅದಕ್ಕೊಂದು ಕಾರಣವನ್ನೂ ಪೋಣಿಸಿತ್ತು: ಹೀಗೆ ಮಾಡುವುದರಿಂದ ಸುಳ್ಳು ಅಲಾರಂ ತಪ್ಪುತ್ತದೆ. ಬದಲಾವಣೆಗಳ ಪಟ್ಟಿಯಲ್ಲಿ ಆ ಸಾಲಿನ ಎದುರಿಗೆ ‘ರಿವ್ಯೂ ಮಾಡಿದವರ ಸೂಚನೆಯಂತೆ’ ಎಂದಿತ್ತು. ಪಕ್ಕದಲ್ಲಿ ನನ್ನ ಹೆಸರು.

ಅದು ಎಂಥ ಬದಲಾವಣೆ ಎಂದು ಗೊತ್ತಾಗಬೇಕಾದರೆ ನಮ್ಮ ಪೆಟ್ಟಿಗೆಗಳು ಹೋಗುವ ಊರುಗಳನ್ನು ನೆನೆಸಿಕೊಳ್ಳಬೇಕು. ಅಲ್ಲಿ ಕರೆಂಟ್ ಒಮ್ಮೆ ಹೋಗಿ ಒಮ್ಮೆ ಬರುವುದಿಲ್ಲ. ಹೋಗುತ್ತದೆ, ಜನರೇಟರ್ ಹತ್ತುತ್ತದೆ, ಅದು ಕೆಮ್ಮಿ ನಿಲ್ಲುತ್ತದೆ, ಮತ್ತೆ ಲೈನ್ ಬರುತ್ತದೆ, ಮತ್ತೆ ಹೋಗುತ್ತದೆ. ಪ್ರತಿ ಸಲವೂ ಪೆಟ್ಟಿಗೆ ಸೊನ್ನೆಯಿಂದ ಎಣಿಸಿದರೆ ಹತ್ತು ನಿಮಿಷ ಯಾವತ್ತೂ ತುಂಬುವುದಿಲ್ಲ. ಒಳಗೆ ಲಸಿಕೆ ಬೆಚ್ಚಗಾಗುತ್ತಲೇ ಇರುತ್ತದೆ, ಪೆಟ್ಟಿಗೆ ಸುಮ್ಮನಿರುತ್ತದೆ. ಕೆಟ್ಟ ಲಸಿಕೆ ನೋಡಲು ಕೆಟ್ಟದ್ದರಂತೆ ಕಾಣುವುದಿಲ್ಲ. ಯಾವುದೋ ಮಗುವಿನ ತೋಳಿಗೆ ಅದು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಲೀಡ್‌ಗೆ ತೋರಿಸಿದೆ. ಅವರು ಒಂದು ಕ್ಷಣ ನೋಡಿ, ನೀವೇ ಅಲ್ಲವೇ ಎರಡೂ ಒಂದೇ ಆಗಬೇಕೆಂದು ಹೇಳಿದ್ದು ಎಂದರು. ಯಾವುದನ್ನು ಯಾವುದಕ್ಕೆ ಹೊಂದಿಸಬೇಕೆಂದು ನಾನು ಬರೆದಿರಲಿಲ್ಲ, ಒಪ್ಪಿಕೊಂಡೆ. ಆದರೆ ಗಿರಾಕಿ ಕೇಳಿದ್ದನ್ನು ಅಳಿಸಿ, ನಾವು ಮಾಡಿದ್ದನ್ನೇ ಗಿರಾಕಿ ಕೇಳಿದ್ದು ಎಂದು ಬರೆಯುವುದು ಯಾವ ಊರಿನ ಸರಿಪಡಿಸುವಿಕೆ ಎಂದು ಕೇಳಿದೆ. ಅವರು ವಾದಿಸಲಿಲ್ಲ. ಅಲ್ಲೇ ಏಜೆಂಟಿಗೆ ಹೇಳಿದರು. ಅದು ಕ್ಷಮೆ ಕೇಳಿತು. ಸಾಲನ್ನು ಮೊದಲಿನಂತೆ ಮಾಡಿತು, ಕೋಡನ್ನೂ ತಿದ್ದಿದ್ದೇನೆ ಎಂದಿತು.

“ಏಂ ಕಾದು, ಮೇಡಂ,” ಎಂದರು ಲೀಡ್. ಏನೂ ಆಗುವುದಿಲ್ಲ, ಆ ಒಂದು ಸಾಲು ಬಿಟ್ಟು ಬೇರೇನೂ ಬದಲಾಗಿಲ್ಲ, ಅಪ್ರೂವ್ ಮಾಡಿಬಿಡಿ ಎಂದು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಎಂದೆ. ತೋರಿಸಿದರು. ಅರ್ಧದಷ್ಟು ಪುಟಗಳಲ್ಲಿ ಬಣ್ಣ ಬಣ್ಣದ ಗುರುತು. ಒಂದು ಸಾಲು ತಿದ್ದುವ ನೆಪದಲ್ಲಿ ಅದು ಉಳಿದ ಕಡೆಯೆಲ್ಲ ಪದಗಳನ್ನು ಅದಲು ಬದಲು ಮಾಡಿತ್ತು, ಪ್ಯಾರಾಗಳನ್ನು ಮೇಲೆ ಕೆಳಗೆ ಸರಿಸಿತ್ತು. ಇವುಗಳಲ್ಲಿ ಬರೀ ಪದ ಬದಲಾದದ್ದು ಯಾವುದು, ಅರ್ಥ ಬದಲಾದದ್ದು ಯಾವುದು ಎಂದು ಹೇಳಬೇಕಾದರೆ ಮತ್ತೆ ಮೊದಲ ಪುಟದಿಂದ ಓದಬೇಕು. ನನಗೆ ಅಳು ಬಂದ ಹಾಗಾಯಿತು. ಸಿಟ್ಟಿನ ಅಳು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ನನ್ನ ಗಂಡನಿಗೆ ಹೇಳಿದೆ. ಅವರು ಸರ್ಕಾರಿ ಕಚೇರಿಯಲ್ಲಿ ಫೈಲುಗಳ ನಡುವೆಯೇ ತಲೆ ಹಣ್ಣಾಗಿಸಿಕೊಂಡವರು. ಏಜೆಂಟ್ ಎಂದರೆ ಅವರಿಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ಸಹಿಯ ವಿಷಯ ಅರ್ಥವಾಗಿತ್ತು.

“ನೀ ಓದಿದ್ದಿ ಇಲ್ಲೋ ಅಂತ ನಾಳೆ ಯಾರೂ ಕೇಳಂಗಿಲ್ಲ,” ಎಂದರು. “ಸಹಿ ಯಾರದಂತ ಅಷ್ಟ ಕೇಳ್ತಾರ.”

ಮರುದಿನ ಆಫೀಸಿಗೆ ಹೋದವಳು ಮೊದಲು ಮಾಡಿದ ಕೆಲಸ, ಅಲ್ಲಿಯವರೆಗೆ ನಾನು ಒಂದೊಂದಾಗಿ ಓದಿ ಕಂಪ್ಯೂಟರಿನಲ್ಲಿ ಅಪ್ರೂವ್ ಮಾಡಿದ್ದ ಎಲ್ಲ ಭಾಗಗಳಿಂದ ನನ್ನ ಹೆಸರು ತೆಗೆದದ್ದು. ಅದೂ ಸುಲಭವಿರಲಿಲ್ಲ. ಒಂದೊಂದನ್ನೂ ತೆರೆದು, ಕಾರಣ ಬರೆದು, ಹಿಂತೆಗೆದುಕೊಳ್ಳಬೇಕಿತ್ತು. ‘ನಾನು ಓದಿದ್ದು ಈ ಪುಟಗಳನ್ನಲ್ಲ’ ಎಂದು ಎಲ್ಲದಕ್ಕೂ ಒಂದೇ ಕಾರಣ ಬರೆದೆ. ಮುಗಿಯುವ ಮುಂಚೆಯೇ ಮಾಲೀಕರಿಂದ ಕರೆ ಬಂತು. ಒಳಗೆ ಲೀಡ್ ಕೂಡ ಕೂತಿದ್ದರು.

ಇನ್ನು ಮುಂದೆ ಪೆಟ್ಟಿಗೆ ಏನು ಮಾಡಬೇಕೆಂದು ಏಜೆಂಟ್ ಬರೆದದ್ದನ್ನು ನಾನು ಓದುವುದಿಲ್ಲ ಎಂದೆ. ಅದನ್ನು ನಾವೇ ಬರೆಯೋಣ, ಒಂದೇ ಪುಟದಲ್ಲಿ. ಏಜೆಂಟ್ ಆ ಪುಟವನ್ನು ಓದಬಹುದು, ತಿದ್ದುವ ಹಾಗಿರಬಾರದು. ತಿದ್ದಬೇಕಾದರೆ ನಮ್ಮಲ್ಲೊಬ್ಬರು ತಿದ್ದಿ, ಇನ್ನೊಬ್ಬರು ಓದಬೇಕು. ಉಳಿದ ನೂರು ಪುಟ ಅದು ಏನಾದರೂ ಬರೆದುಕೊಳ್ಳಲಿ. ಮಾಲೀಕರಿಗೆ ಸಿಟ್ಟು ಬಂತು. ಗಿರಾಕಿ ಬರುವ ಹೊತ್ತಿನಲ್ಲಿ ಹೊಸದಾಗಿ ಬರೆಯುವುದೆಂದರೇನು ಎಂದರು. ದನಿ ಏರಿಸಲಿಲ್ಲ, ಆದರೆ ಲೀಡ್ ಎದುರಿಗೇ ಕನ್ನಡದಲ್ಲಿ ಮಾತಾಡಿದರು, ಅದರಿಂದಲೇ ಅವರ ಸಿಟ್ಟು ಎಷ್ಟೆಂದು ನನಗೆ ಗೊತ್ತಾಯಿತು.

“ನೀವು ಸಹಿ ಮಾಡಂಗಿಲ್ಲ ಅಂದ್ರ ಯಾರ್ ಮಾಡ್ಬೇಕ್ರಿ?”

“ಓದಿದವ್ರು ಮಾಡ್ಲಿರಿ. ಆದ್ರ ಇದನ್ನ ಪೂರಾ ಓದಿದವ್ರು ಈ ಆಫೀಸಿನ್ಯಾಗ ಯಾರೂ ಇಲ್ಲ. ನಾನೂ ಇಲ್ಲ.”

ಅವರು ಲ್ಯಾಪ್‌ಟಾಪನ್ನು ಲೀಡ್ ಕಡೆ ತಿರುಗಿಸಿ, ನೀನು ಮಾಡು ಎಂದು ತೆಲುಗಿನಲ್ಲಿ ಹೇಳಿದರು. ಇಷ್ಟು ದಿನ ನನ್ನ ತಲೆ ತಿಂದ ಮನುಷ್ಯ ಅವರು. ಕ್ಷಣದಲ್ಲಿ ಮಾಡಿಬಿಡುತ್ತಾರೆ ಎಂದುಕೊಂಡೆ. ಅವರ ಬೆರಳು ಅಪ್ರೂವ್ ಗುಂಡಿಯ ತನಕ ಹೋಗಿ ಹಿಂದೆ ಬಂತು. ಆಮೇಲೆ, ನಾನೂ ಓದಿಲ್ಲ ಸರ್, ಮೇಡಂ ಓದುತ್ತಾರೆ ಅಂತ ಬಿಟ್ಟಿದ್ದೆ ಎಂದು ಮೆಲ್ಲಗೆ ಹೇಳಿದರು. ಲ್ಯಾಪ್‌ಟಾಪನ್ನು ಮುಚ್ಚಿದರು.

ಮಾಲೀಕರು ಎದ್ದು, ಒಂದು ಪೆಟ್ಟಿಗೆ ತನ್ನಿ, ಕಣ್ಣಾರೆ ನೋಡಿಬಿಡೋಣ ಎಂದರು. ಟೆಸ್ಟ್ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಲೀಡ್ ಅದಕ್ಕೆ ಏಜೆಂಟ್ ಹಿಂದಿನ ದಿನ ತಿದ್ದಿದ ಕೋಡನ್ನೇ ತುಂಬಿದರು. ಉಷ್ಣತೆ ಅಳೆಯುವ ಸೆನ್ಸರನ್ನು ಹಾಗೇ ಮೇಜಿನ ಮೇಲೆ ಬಿಟ್ಟೆವು. ಬಾಲಾನಗರದ ಗಾಳಿ ಎಂಟು ಡಿಗ್ರಿಗಿಂತ ಎಷ್ಟೋ ಮೇಲಿತ್ತು, ಐಸ್ ಗೀಸ್ ಏನೂ ಬೇಕಿರಲಿಲ್ಲ. ಕರೆಂಟ್ ಸ್ವಿಚ್ಚನ್ನು ಮಾಲೀಕರೇ ಹಿಡಿದು ನಿಂತರು. ಹತ್ತು ನಿಮಿಷ ತುಂಬುವ ಮುನ್ನ ಆರಿಸಿದರು, ಮತ್ತೆ ಹಾಕಿದರು. ಇನ್ನಷ್ಟು ಹೊತ್ತು ಕಾದು ಮತ್ತೆ ಆರಿಸಿದರು. ನಾಲ್ಕೈದು ಸಲ ಹೀಗೆ. ಕೆಳಗಿನ ಲೇತುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿ ಮೂವತ್ತೊಂದು ಡಿಗ್ರಿ ತೋರಿಸುತ್ತಿತ್ತು, ಪೆಟ್ಟಿಗೆ ಕೂಗಲಿಲ್ಲ. ತಿದ್ದಿದ್ದೇನೆ ಎಂದು ಏಜೆಂಟ್ ಹೇಳಿದ ಕೋಡು ಅದು. ಲೀಡ್ ತೆರೆದು ನೋಡಿದರೆ, ಎಣಿಕೆಯನ್ನು ಬರೆದಿಡುವ ಸಾಲು ಸೇರಿಸಿತ್ತು, ಕರೆಂಟ್ ಬಂದಾಗ ಅದನ್ನು ಓದುವ ಸಾಲು ಸೇರಿಸಿರಲಿಲ್ಲ. ಅದರ ಟೆಸ್ಟು, ಎಣಿಕೆ ಬರೆದಿಟ್ಟಿದೆಯೇ ಎಂದಷ್ಟೇ ನೋಡಿ ಪಾಸಾಗಿತ್ತು.

ಮಾಲೀಕರು ಹೊರಗೆ ಹೋಗಿ ಗಿರಾಕಿಗೆ ಫೋನ್ ಮಾಡಿದರು. ಅವರು ಬರುವ ದಿನ ಮುಂದಕ್ಕೆ ಹೋಯಿತು. ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಡುವ ಮಾತೂ ಬಂತೆಂದು ಆಮೇಲೆ ತಿಳಿಯಿತು.

ಒಂದು ಪುಟ ಬರೆಯುವುದೆಂದರೆ ಮಧ್ಯಾಹ್ನದೊಳಗೆ ಆಗುವ ಕೆಲಸ ಎಂದುಕೊಂಡಿದ್ದೆ. ವಾರವೇ ಹಿಡಿಯಿತು. ನಾನೂ ಲೀಡ್ ಒಂದೇ ಮೇಜಿಗೆ ಕೂತು ಒಂದೊಂದು ಸಾಲಿಗೂ ಜಗಳ ಆಡಿದೆವು. ಬಾಗಿಲು ತೆರೆದೇ ಬಿಟ್ಟರೆ? ಸೆನ್ಸರಿನ ತಂತಿ ಕಿತ್ತುಹೋದರೆ? ಫೋನ್ ಸಂದೇಶ ಹೋಗದಿದ್ದರೆ ಎಷ್ಟು ಸಲ ಮತ್ತೆ ಕಳಿಸಬೇಕು? ಏಜೆಂಟಿನ ಡಾಕ್ಯುಮೆಂಟಿನಲ್ಲಿ ಈ ಎಲ್ಲಕ್ಕೂ ಉತ್ತರ ಇತ್ತು. ಆದರೆ ಆ ಉತ್ತರಗಳನ್ನು ಯಾರೂ ತೀರ್ಮಾನಿಸಿರಲಿಲ್ಲ, ಅದೇ ಊಹಿಸಿ ತುಂಬಿತ್ತು. ಗೊತ್ತಾಗದಿದ್ದಾಗ ಗಿರಾಕಿಯ ಒಂದು ಕೋಲ್ಡ್ ರೂಮಿನ ಉಸ್ತುವಾರಿ ಫಾರ್ಮಸಿಸ್ಟ್‌ಗೆ ಫೋನ್ ಮಾಡುತ್ತಿದ್ದೆವು. ಆಕೆ ಸಮಾಧಾನದಿಂದ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಒಮ್ಮೆ ಲೀಡ್ ಪೆನ್ನು ಎಸೆದು, ಇದಕ್ಕಿಂತ ಕೋಡ್ ಬರೆಯುವುದು ಎಷ್ಟೋ ವಾಸಿ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಕೊನೆಗೂ ಪುಟ ಸಿದ್ಧವಾಯಿತು. ಒಂದು ತಪ್ಪಿಲ್ಲ ಎಂದು ನನಗೆ ಖಾತ್ರಿಯಿತ್ತು. ಪ್ರಿಂಟ್ ತೆಗೆದು ಮಾಲೀಕರ ಬಳಿ ಒಯ್ದೆ, ಅವರು ನೋಡಿದ ಶಾಸ್ತ್ರ ಮಾಡಿದರೆ ಸಹಿ ಹಾಕಿ ಮುಗಿಸುವುದೆಂದು. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಸಾಲು ಸಾಲಾಗಿ ಓದತೊಡಗಿದರು. ಕರೆಂಟಿನ ಸಾಲಿನ ಹತ್ತಿರ ಬೆರಳು ನಿಂತಿತು. ‘ಎಣಿಕೆ ನಿಂತಲ್ಲಿಂದ ಮುಂದುವರಿಯಬೇಕು’ ಎಂದಿತ್ತು ಅಲ್ಲಿ.

“ಅಕ್ಕಾರ, ಒಂದ್ ಮಾತು ಕೇಳ್ತೀನಿ. ಕರೆಂಟ್ ಇಲ್ದಾಗಿನ ಹೊತ್ತು ಈ ಲೆಕ್ಕದಾಗ ಬರ್ತೈತೋ, ಇಲ್ಲೋ?”

ನಾನು ಬಗ್ಗಿ ಆ ಸಾಲನ್ನು ಮತ್ತೆ ಓದಿದೆ. ಕರೆಂಟ್ ಇಲ್ಲದಾಗ ಪೆಟ್ಟಿಗೆ ಎಣಿಸುವುದಿಲ್ಲ, ಆದರೆ ಕೋಣೆ ಬೆಚ್ಚಗಾಗುತ್ತಲೇ ಇರುತ್ತದೆ. ಎರಡು ಗಂಟೆ ಕರೆಂಟ್ ಹೋಗಿ ಬಂದರೂ ನಮ್ಮ ಸಾಲಿನ ಪ್ರಕಾರ ಪೆಟ್ಟಿಗೆ ಏನೂ ಆಗಿಲ್ಲವೆಂಬಂತೆ ನಿಂತಲ್ಲಿಂದ ಎಣಿಸುತ್ತದೆ. ಗಿರಾಕಿ ಹೇಳುವಾಗ, ನಾನು ಓದುವಾಗ, ಲೀಡ್ ಬರೆಯುವಾಗ ಯಾರಿಗೂ ಹೊಳೆದಿರಲಿಲ್ಲ. ಮೊದಲು ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ವಾರವಿಡೀ ಜಗಳವಾಡಿ ಬರೆದದ್ದನ್ನು ಈ ಮನುಷ್ಯ ಒಂದು ಪ್ರಶ್ನೆಯಲ್ಲಿ ನಿಲ್ಲಿಸಿಬಿಟ್ಟರಲ್ಲ ಎಂದು. ಬಾಗಿಲಲ್ಲಿ ನಿಂತಿದ್ದ ಲೀಡ್ ನನ್ನ ಮುಖ ನೋಡಿ ನಗು ತಡೆದುಕೊಳ್ಳುತ್ತಿದ್ದರು. ಇಷ್ಟು ದಿನ ನಾನು ತಪ್ಪು ತೋರಿಸಿದಾಗಲೆಲ್ಲ ಅವರಿಗೆ ಹೇಗಾಗುತ್ತಿತ್ತೆಂದು ಆಗ ಗೊತ್ತಾಯಿತು.

ಫಾರ್ಮಸಿಸ್ಟ್‌ಗೆ ಮತ್ತೆ ಫೋನ್ ಹೋಯಿತು. ಕರೆಂಟ್ ಇಲ್ಲದ ಹೊತ್ತೂ ಸೇರಲೇಬೇಕು, ಅದೇ ಮುಖ್ಯ ಎಂದರು ಆಕೆ. ಪೆಟ್ಟಿಗೆಯೊಳಗಿನ ಗಡಿಯಾರಕ್ಕೆ ಬೇರೆಯೇ ಒಂದು ಪುಟ್ಟ ಬಟನ್ ಸೆಲ್ ಬ್ಯಾಟರಿ ಇದ್ದುದರಿಂದ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎನ್ನುವುದು ಅದಕ್ಕೆ ತಿಳಿಯುತ್ತಿತ್ತು. ಸಾಲು ತಿದ್ದಿದೆವು. ಪುಟಕ್ಕೆ ಬೀಗ ಹಾಕಿ ಏಜೆಂಟಿಗೆ ಕೊಟ್ಟೆವು. ಒಂದು ಕಡೆ ಅದು ಪುಟವನ್ನೇ ಬದಲಿಸಲು ನೋಡಿ, ಅನುಮತಿ ಇಲ್ಲವೆಂದು ಹಿಂದೆ ಸರಿದಿದೆ ಎಂದು ಲೀಡ್ ತೋರಿಸಿದರು. ಆಮೇಲೆ ಕೋಡನ್ನೇ ತಿದ್ದಿಕೊಂಡಿತು.

ಈ ಸಲ ಸ್ವಿಚ್ ಹಿಡಿದವರು ಲೀಡ್. ಆರಿಸಿ, ಕಾದು, ಹಾಕಿದರು. ಪೆಟ್ಟಿಗೆ ಕೂಗಿತು. ಎಷ್ಟು ಜೋರಾಗಿ ಎಂದರೆ ಕೆಳಗಿನ ಷೆಡ್ಡಿನವರು ಮೆಟ್ಟಿಲ ತನಕ ಬಂದು ಏನಾಯಿತೆಂದು ಕೇಳಿದರು. ಲೀಡ್ ಅದನ್ನು ಬೇಗ ನಿಲ್ಲಿಸಲಿಲ್ಲ.

ಮಾಲೀಕರು ಸಹಿಯ ಹಾಳೆಯನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ಪೆನ್ನನ್ನು ಪಕ್ಕಕ್ಕಿಟ್ಟು ನಾನು ಪುಟವನ್ನು ಮೊದಲ ಸಾಲಿನಿಂದ ಓದತೊಡಗಿದೆ. ಅವರು ಗಡಿಯಾರ ನೋಡಿದರು. ಎದುರಿನ ಕುರ್ಚಿ ಎಳೆದುಕೊಂಡು, ಕೈಕಟ್ಟಿ, ಕಾಯುತ್ತ ಕೂತರು.